ಕೆಂಡದ ಸುತ್ತ ಪಂಕ್ತಿ

ಈಗ ಎಷ್ಟೋ ಮನೆಗಳಲ್ಲಿ ಮಕ್ಕಳ ಕೈಯ ಮೊಬೈಲಿನಲ್ಲಿ ಕೊರಿಯಾ ದೇಶದ ಧಾರಾವಾಹಿಗಳು ಓಡುತ್ತಿವೆ. ಅವುಗಳಲ್ಲಿ ಊಟದ ದೃಶ್ಯ ಬಾರದ ಕಂತು ಅಪರೂಪ. ನಾಲ್ಕು ಜನ ಮೇಜಿನ ಸುತ್ತ ಕೂತಿರುತ್ತಾರೆ, ಮೇಜಿನ ನಟ್ಟನಡುವೆ ಕೆಂಡ ನಿಗಿನಿಗಿ ಉರಿಯುತ್ತಿರುತ್ತದೆ, ಅದರ ಮೇಲಿನ ಜಾಲರಿಯಲ್ಲಿ ಏನೋ ಚುರುಗುಟ್ಟುತ್ತಿರುತ್ತದೆ. ಪಕ್ಕದಲ್ಲಿ ಕೂತು ಹತ್ತಿ ಹೊಸೆಯುವ ಅಜ್ಜಿಗೆ ಇದನ್ನು ಕಂಡರೆ ನಗು. “ಅಲ್ಲೋ, ಉಣ್ಣೋ ಜಾಗದಾಗ ಒಲಿ ಹೂಡ್ಯಾರಲ್ಲೋ ಇವರು!” ಮೊಮ್ಮಕ್ಕಳ ಆಸೆ ಬೇರೆ. “ಅಂಥಾ ಹೋಟೆಲ್ಲಿಗೆ ನಾವೂ ಹೋಗೋಣು ನಡ್ರಿ.”

ಬೆಳಗಾವಿ ಜಿಲ್ಲೆಯ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಸುತ್ತಿ ಬಂದ ಮೇಲೆ ನನಗೆ ಅನ್ನಿಸಿದ್ದು ಇಷ್ಟು. ಅಜ್ಜಿಯ ನಗುವಿಗೂ ಮೊಮ್ಮಕ್ಕಳ ಆಸೆಗೂ ಉತ್ತರ ಆ ಸೀಮೆಯಲ್ಲೇ ಇದೆ. ಈ ನಾಲ್ಕು ಊರುಗಳಲ್ಲಿ ಕೊರಿಯಾ ಊಟದ ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ. ಆದರೆ ಕೆಂಡದ ಸುತ್ತ ಕೂತು, ತಾವೇ ಸುಟ್ಟು, ಒಬ್ಬರಿಗೊಬ್ಬರು ಕೊಟ್ಟು ತಿನ್ನುವ ಊಟ ಇಲ್ಲಿ ಬಹಳ ಹಿಂದಿನಿಂದಲೂ ಇದೆ. ಅದರ ಹೆಸರು ಸೀತನಿ. ಇನ್ನೂ ಇದೆ ಎಂಬುದು ಸಂತೋಷ. ಎಷ್ಟು ದಿನ ಇರುತ್ತದೆ ಎಂಬುದು ಚಿಂತೆ.

ಮೇಜಿನ ನಡುವಿನ ಒಲೆ

ಮೊದಲು ಕೊರಿಯಾದ ಊಟ ಹೇಗಿರುತ್ತದೆ ನೋಡೋಣ. ಬೆಂಗಳೂರಿನಲ್ಲಿ ಅಂಥ ಊಟದ ಮನೆಗಳು ಹಲವು ಇವೆ. ಕೆಲಸಕ್ಕೆಂದು ಬಂದು ನೆಲೆಸಿದ ಕೊರಿಯನ್ನರೂ ಅಲ್ಲಿ ಉಣ್ಣುತ್ತಾರೆ, ನಮ್ಮ ಕಾಲೇಜು ಹುಡುಗರೂ ಉಣ್ಣುತ್ತಾರೆ. ಮೇಜಿನ ನಡುವೆ ಗುಂಡನೆಯ ತೂತು, ಅದರಲ್ಲಿ ಇದ್ದಿಲಿನ ಅಥವಾ ಗ್ಯಾಸಿನ ಒಲೆ, ಮೇಲೆ ಜಾಲರಿ. ಕೆಲವು ಕಡೆ ತಲೆಯ ಮೇಲಿಂದ ಆನೆಯ ಸೊಂಡಿಲಿನಂತೆ ಒಂದು ಕೊಳವೆ ಇಳಿಬಿದ್ದಿರುತ್ತದೆ. ಹೊಗೆಯನ್ನು ಎಳೆದುಕೊಳ್ಳುವುದು ಅದರ ಕೆಲಸ. ಅಡುಗೆಯವರು ಹಸಿ ಪದಾರ್ಥವನ್ನು ತಂದಿಡುತ್ತಾರೆ, ಸುಡುವುದು ಬಹುಮಟ್ಟಿಗೆ ಉಣ್ಣುವವರ ಕೆಲಸ. ಚಾಕುವಿನ ಬದಲು ಕತ್ತರಿಯಿಂದ, ಹೌದು, ನಾವು ಬಟ್ಟೆ ಕತ್ತರಿಸುವಂಥ ಕತ್ತರಿಯಿಂದಲೇ, ತುಂಡು ಮಾಡುತ್ತಾರೆ.

ಅವರ ದೇಶದಲ್ಲಿ ಇದು ಮುಖ್ಯವಾಗಿ ಮಾಂಸದ ಊಟ. ‘ಬುಲ್ಗೋಗಿ’ ಎಂಬ ಹೆಸರಿನ ಅರ್ಥವೇ ಬೆಂಕಿಯ ಮಾಂಸ. ಸಸ್ಯಾಹಾರಿಗಳು ಹೋದರೆ ಅಣಬೆ, ಕುಂಬಳಕಾಯಿ, ಗೆಣಸು, ಬಳ್ಳೊಳ್ಳಿ ಸುಟ್ಟುಕೊಳ್ಳಬಹುದು. ಕಿಮ್ಚಿ ಎಂಬ ಎಲೆಕೋಸಿನ ಉಪ್ಪಿನಕಾಯಿಯನ್ನು ಮಾತ್ರ ಕೇಳಿಯೇ ತಿನ್ನಬೇಕು, ಅದರಲ್ಲಿ ಹೆಚ್ಚಾಗಿ ಮೀನಿನ ರಸವೋ ಉಪ್ಪು ಹಾಕಿದ ಸಿಗಡಿಯೋ ಸೇರಿರುತ್ತದೆ.

ಸುಟ್ಟದ್ದನ್ನು ಹಾಗೇ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಅಂಗೈ ಮೇಲೆ ಒಂದು ಹಸಿರು ಸೊಪ್ಪಿನ ಎಲೆ ಇಟ್ಟು, ಅದರಲ್ಲಿ ಸುಟ್ಟ ತುಂಡು, ಒಂದು ಎಸಳು ಬಳ್ಳೊಳ್ಳಿ, ಸೋಯಾ ಕಾಳನ್ನು ಹುದುಗಿಸಿ ಮಾಡಿದ ಖಾರದ ಚಟ್ನಿ ಇಟ್ಟು, ಮಡಚಿ ಒಂದೇ ತುತ್ತಿಗೆ ಬಾಯಿಗೆ ಹಾಕಿಕೊಳ್ಳುತ್ತಾರೆ. ಇದಕ್ಕೆ ‘ಸ್ಸಾಮ್’ ಎನ್ನುತ್ತಾರೆ, ಅಂದರೆ ಸುತ್ತಿದ್ದು. ಪ್ರೀತಿಯಿದ್ದವರಿಗೆ ಹಾಗೆ ಸುತ್ತಿ ತಾವೇ ಬಾಯಿಗೆ ಇಡುತ್ತಾರೆ. ನಮ್ಮಲ್ಲಿ ಇದಕ್ಕೆ ಹೆಸರು ಕೈತುತ್ತು.

ಇನ್ನೂ ಕೇಳಿ. ಕೊರಿಯಾದಲ್ಲಿ ಮನೆಯ ಹಿರಿಯರು ಚಮಚ ಎತ್ತುವ ತನಕ ಕಿರಿಯರು ಉಣ್ಣಲು ತೊಡಗುವುದಿಲ್ಲ. ಹಿರಿಯರು ಏನಾದರೂ ಕೊಟ್ಟರೆ ಎರಡೂ ಕೈಯಿಂದ ತೆಗೆದುಕೊಳ್ಳುತ್ತಾರೆ. ಮನೆಯ ಮಂದಿಗೆ ‘ಸಿಕ್ಗು’ ಎಂಬ ಮಾತಿದೆ. ಬಿಡಿಸಿದರೆ ಉಣ್ಣುವ ಬಾಯಿಗಳು ಎಂದಾಗುತ್ತದೆ. ಒಟ್ಟಿಗೆ ಉಣ್ಣುವವರೇ ಮನೆಯವರು. ಪರಿಚಯದವರು ಎದುರಾದರೆ ಊಟ ಆಯಿತೇ ಎಂದು ಕೇಳುವುದು ಅವರಲ್ಲೂ ರೂಢಿ, ನಮ್ಮ “ಊಟ ಆತೇನ್ರಿ?” ಇದ್ದಂತೆ. ಮಕ್ಕಳು ತಂದೆಯನ್ನು ‘ಅಪ್ಪಾ’ ಎಂದೇ ಕರೆಯುತ್ತಾರೆ! ಅಷ್ಟಕ್ಕೇ ಅವರ ಭಾಷೆ ನಮ್ಮದರ ನೆಂಟ ಎಂದು ಹೇಳಲಾಗದು, ಕಿವಿಗೆ ಮಾತ್ರ ಹಿತ.

ಕಿತ್ತೂರಿನಿಂದ ಹೊರಟು

ನಾನು ಹೊರಟಿದ್ದು ಸಂಕ್ರಾಂತಿಯ ಆಸುಪಾಸಿನಲ್ಲಿ. ಸೀತನಿಗೆ ಅದೇ ಕಾಲ. ಬೆಳಗಾವಿ, ಧಾರವಾಡಗಳ ನಡುವಿನ ಹೆದ್ದಾರಿಯಲ್ಲಿ ಇಳಿದರೆ ಕಿತ್ತೂರು. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಇಂಗ್ಲಿಷರನ್ನು ಸೋಲಿಸಿದ್ದು, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ಇದೇ ಕೋಟೆಯ ಮುಂದೆ. ಅದೇ ಡಿಸೆಂಬರಿನಲ್ಲಿ ಇಂಗ್ಲಿಷರು ದೊಡ್ಡ ಸೈನ್ಯದೊಂದಿಗೆ ಮರಳಿ ಬಂದು ಕೋಟೆ ಹಿಡಿದರು. ಈಗ ಪ್ರತಿ ವರ್ಷ ಅಕ್ಟೋಬರಿನಲ್ಲಿ ಇಲ್ಲಿ ಕಿತ್ತೂರು ಉತ್ಸವ ನಡೆಯುತ್ತದೆ.

ಕೋಟೆಯ ಒಳಗಿನ ಅರಮನೆಯಲ್ಲಿ ಇಂದು ಉಳಿದಿರುವುದು ಗೋಡೆ, ಕಟ್ಟೆ, ಬಾವಿ. ಧ್ರುವ ನಕ್ಷತ್ರ ನೋಡಲೆಂದು ಗೋಡೆಯಲ್ಲಿ ಇಟ್ಟ ಕಿಂಡಿಯನ್ನು ಶಾಲೆಯ ಮಕ್ಕಳು ಸಾಲಾಗಿ ನಿಂತು ಇಣುಕಿ ನೋಡುತ್ತಾರೆ. ಹಗಲಲ್ಲಿ ನಕ್ಷತ್ರ ಕಾಣದಿದ್ದರೂ ಸರತಿ ಮಾತ್ರ ಯಾರೂ ಬಿಡುವುದಿಲ್ಲ.

ಕಿತ್ತೂರಿನ ಪಶ್ಚಿಮಕ್ಕೆ ಹೋದರೆ ಮಳೆ ಹೆಚ್ಚು, ಕೆಂಪು ನೆಲ, ಭತ್ತದ ಗದ್ದೆ, ಕಾಡಿನ ಸೆರಗು. ಪೂರ್ವಕ್ಕೆ ಬೈಲಹೊಂಗಲದ ದಾರಿ ಹಿಡಿದರೆ ನೋಡನೋಡುತ್ತ ನೆಲ ಕಪ್ಪಾಗುತ್ತದೆ. ಗಿಡಮರ ಕಡಿಮೆಯಾಗಿ ಬಯಲು ತೆರೆದುಕೊಳ್ಳುತ್ತದೆ. ಇದೇ ಎರೆ ಭೂಮಿ. ಮಳೆಗಾಲದಲ್ಲಿ ಕಾಲಿಟ್ಟರೆ ಬಿಡದು, ಬೇಸಿಗೆಯಲ್ಲಿ ಅಂಗೈ ಅಗಲ ಬಿರುಕು ಬಿಡುತ್ತದೆ. ನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುವ ಗುಣ ಇದರದ್ದು. ಅದರಿಂದಲೇ ಹಸ್ತ, ಚಿತ್ತಾ ಮಳೆಗೆ ಬಿತ್ತಿದ ಹಿಂಗಾರಿ ಜೋಳ ಮುಂದೆ ಒಂದು ಹನಿ ಬೀಳದಿದ್ದರೂ ನೆಲದ ತೇವ ಮತ್ತು ಚಳಿಗಾಲದ ಇಬ್ಬನಿಯಲ್ಲೇ ಬೆಳೆದು ತೆನೆ ಹಿಡಿಯುತ್ತದೆ.

ಬೈಲಹೊಂಗಲದ ತಾಟು

ಬೈಲಹೊಂಗಲದಲ್ಲಿ ಮೊದಲು ನೋಡಬೇಕಾದದ್ದು ಚೆನ್ನಮ್ಮನ ಸಮಾಧಿ. ಸೆರೆಸಿಕ್ಕ ರಾಣಿಯನ್ನು ಇಂಗ್ಲಿಷರು ಇಲ್ಲಿಯ ಕೋಟೆಯಲ್ಲಿಟ್ಟರು, 1829ರಲ್ಲಿ ಆಕೆ ಇಲ್ಲಿಯೇ ತೀರಿಕೊಂಡಳು. ರಾಯಣ್ಣನ ಸಂಗೊಳ್ಳಿ, ಮಲ್ಲಮ್ಮನ ಬೆಳವಡಿ ಎರಡೂ ಈ ಸೀಮೆಯ ಹಳ್ಳಿಗಳೇ.

ಹೊರಗೆ ಉಣ್ಣುವುದು ಎಂದರೆ ಈ ಕಡೆ ಖಾನಾವಳಿ. ಒಳಗೆ ಕಾಲಿಟ್ಟ ಕೂಡಲೇ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ, ಪಟಪಟ ಪಟಪಟ. ತಾಟು ಬರುವ ಮೊದಲೇ ಅದರ ಅಂಚಿಗೆ ಇಡುವ ಸಾಮಾನು ಬರುತ್ತದೆ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕೆಂಪು ಖಾರ, ಹಸಿ ಉಳ್ಳಾಗಡ್ಡಿ, ಮೆಂತ್ಯದ ಸೊಪ್ಪು, ಸೌತೆಕಾಯಿ, ಗಜ್ಜರಿ, ಗಟ್ಟಿ ಮೊಸರು. ನಡುವೆ ಎಣಗಾಯಿ ಇಲ್ಲವೇ ಜುನಕ, ಒಂದು ಕಾಳಿನ ಪಲ್ಯ. ಆಮೇಲೆ ಒಲೆಯಿಂದ ನೇರ ತಾಟಿಗೆ ಉಬ್ಬಿದ ಜೋಳದ ರೊಟ್ಟಿ.

ಕೊರಿಯಾದ ಊಟದ ಮೇಜಿನಲ್ಲೂ ಹೀಗೆಯೇ. ‘ಬಾನ್‌ಚಾನ್’ ಎಂಬ ಸಣ್ಣ ಸಣ್ಣ ಬಟ್ಟಲುಗಳ ಸಾಲು ಮೊದಲು ಬರುತ್ತದೆ. ಅದಕ್ಕೆ ಬೇರೆ ದುಡ್ಡಿಲ್ಲ, ಖಾಲಿಯಾದರೆ ಮತ್ತೆ ತುಂಬುತ್ತಾರೆ. ಖಾನಾವಳಿಯಲ್ಲಿ “ಚಟ್ನಿ ಹಾಕ್ಲೆನ್ರಿ? ಮೊಸರು ಹಾಕ್ಲೆನ್ರಿ?” ಎಂದು ಮತ್ತೆ ಮತ್ತೆ ಕೇಳಿದಂತೆ.

ಕೆಂಪು ಬಣ್ಣವೂ ಎರಡೂ ಕಡೆ ಒಂದೇ. ಮೆಣಸಿನಕಾಯಿ ನಮ್ಮದೂ ಅಲ್ಲ, ಅವರದೂ ಅಲ್ಲ. ಅದರ ತವರು ಅಮೆರಿಕ ಖಂಡ. ಪೋರ್ಚುಗೀಸರ ಹಡಗುಗಳು ಅದನ್ನು ಭಾರತಕ್ಕೆ ತಂದವು. ಕೊರಿಯಾಕ್ಕೂ ಅದು ಹೊರಗಿನಿಂದಲೇ ಹೋಯಿತು. ಇಂದು ಕಿಮ್ಚಿಗೆ ಹಾಕುವ ಪುಡಿಯನ್ನು ನೋಡಿದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿ ನೆನಪಾಗುತ್ತದೆ. ಬಣ್ಣ ಬಹಳ, ಖಾರ ಮಿತ. ಅಲ್ಲಿ ಚಳಿಗಾಲಕ್ಕೆ ಮುಂಚೆ ನೆರೆಹೊರೆಯ ಹೆಂಗಸರೆಲ್ಲ ಸೇರಿ ಕಿಮ್ಚಿ ಹಾಕುವ ಪದ್ಧತಿಯಿದೆ. 2013ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಅಜ್ಜಿಯರು ಓಣಿಯವರನ್ನೆಲ್ಲ ಕೂಡಿಸಿ ಶಾವಿಗೆ ಹೊಸೆದದ್ದು, ಸಂಡಿಗೆ ಹಾಕಿದ್ದು ಅಂಥದ್ದೇ ಕೆಲಸ.

ಎರೆ ಹೊಲದ ಸೀತನಿ

ಆದರೆ ಖಾನಾವಳಿಯಲ್ಲಿ ಒಲೆ ಒಳಗಿರುತ್ತದೆ, ಉಣ್ಣುವವರು ಹೊರಗಿರುತ್ತಾರೆ. ಒಲೆ ನಡುವೆ, ಉಣ್ಣುವವರು ಸುತ್ತ ಎಂಬ ಊಟ ಬೇಕಾದರೆ ಹೊಲಕ್ಕೇ ಹೋಗಬೇಕು. ಬೈಲಹೊಂಗಲ ದಾಟಿ ಸವದತ್ತಿಯ ದಾರಿಯಲ್ಲಿ ಪರಿಚಯದವರೊಬ್ಬರ ಹೊಲಕ್ಕೆ ಮಧ್ಯಾಹ್ನ ಹೊತ್ತಿಳಿಯುವಾಗ ಹೋದೆ. ಸುತ್ತ ಎಲ್ಲ ಕಡಲೆ, ಆಚೆ ಕಬ್ಬು, ನಡುವೆ ಆಳೆತ್ತರದ ಜೋಳ ಒಂದು ಪಟ್ಟಿಯಷ್ಟು. ಹೊಲದ ಅಜ್ಜನಿಗೆ ಎಪ್ಪತ್ತು ದಾಟಿದೆ. ಮೊಮ್ಮಗಳು ಬೆಂಗಳೂರಿನಲ್ಲಿ ಏಳನೆಯ ತರಗತಿ, ಸಂಕ್ರಾಂತಿ ರಜೆಗೆ ಬಂದಿದ್ದಳು.

“ಅಜ್ಜಾ, ಈ ತೆನಿ ಆಗೇತೇನು?”

“ಕಾಳು ಉಗುರಿಲೆ ಒತ್ತಿ ನೋಡವಾ.”

ಒತ್ತಿದಳು. ಬಿಳಿ ಹಾಲು ಚಿಮ್ಮಿತು.

“ಅದು ಇನ್ನೂ ಕೂಸು. ಬಿಡು ಅದನ್ನ. ಮುಂದಿನ ತೆನಿ ನೋಡು.”

ಇನ್ನೊಂದನ್ನು ಒತ್ತಿದಳು. ಹಾಲು ಬರಲಿಲ್ಲ, ಕಾಳು ನಾದಿದ ಹಿಟ್ಟಿನ ಹಾಗೆ ಮೆತ್ತಗೆ ಒತ್ತಿತು.

“ಹಾಂ, ಇದು ಸೀತನಿ. ಮುರಿ.”

ಅಜ್ಜ ಉಗುರಿನಿಂದ ಮಾಡಿಸಿದ ಈ ಪರೀಕ್ಷೆಯ ಹಿಂದೆ ಶಾಲೆಯ ವಿಜ್ಞಾನವೇ ಇದೆ. ಜೋಳದ ಗಿಡ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ತೆನೆಗೆ ಕಳಿಸುತ್ತದೆ. ಕಾಳು ಎಳೆಯದಾಗಿದ್ದಾಗ ಆ ಸಕ್ಕರೆ ಹಾಲಿನಂಥ ರಸವಾಗಿರುತ್ತದೆ. ದಿನ ಕಳೆದಂತೆ ಅದು ಪಿಷ್ಟವಾಗಿ ಗಟ್ಟಿಯಾಗುತ್ತದೆ. ಬಲಿತ ಜೋಳ ರೊಟ್ಟಿಗೆ ಒಳ್ಳೆಯದು, ಆದರೆ ಸಿಹಿ ಹೋಗಿರುತ್ತದೆ. ಹಾಲು ಮುಗಿದು ಗಟ್ಟಿಯಾಗುವ ಮುಂಚಿನ ಕೆಲವೇ ದಿನ ಸೀತನಿಯ ದಿನ. ಮುಂದಿನ ವಾರ ಬಂದರಾಯಿತು ಎಂದು ಕೂತರೆ ಮುಂದಿನ ವರ್ಷವೇ ಗತಿ. ಇದಕ್ಕೆಂದೇ ರೈತರು ಕಾಪಾಡಿಕೊಂಡು ಬಂದ ಸಿಹಿ ತಳಿಗಳಿವೆ. ಅವುಗಳಲ್ಲಿ ಒಂದರ ಹೆಸರು ಸಕ್ಕರಿ ಮುಕ್ಕರಿ ಜೋಳ, ಹೆಸರು ಹೇಳುವಾಗಲೇ ಬಾಯಿ ಸಿಹಿ.

ಅಷ್ಟರಲ್ಲಿ ಬದುವಿನ ಪಕ್ಕ ಸಣ್ಣದೊಂದು ಕುಣಿ ತೋಡಿ ಕುಳ್ಳು ಹೊತ್ತಿಸಿದ್ದರು. ಉರಿ ಇಳಿದು ಕೆಂಡವಾಗುವ ತನಕ ಕಾಯಬೇಕು. ಉರಿಯಲ್ಲಿ ಹಿಡಿದರೆ ಹೊಟ್ಟು ಸುಡುತ್ತದೆ, ಕಾಳು ಹಸಿ ಉಳಿಯುತ್ತದೆ. ಕೆಂಡ ಮತ್ತು ಬಿಸಿ ಬೂದಿಯ ನಡುವೆ ತೆನೆಯ ತಲೆಯನ್ನು ಹುದುಗಿಸಿ, ದಂಟು ಕೈಯಲ್ಲಿ ಹಿಡಿದು ತಿರುಗಿಸುತ್ತ ಇರಬೇಕು. ಕಾಳಿನೊಳಗಿನ ನೀರು ಹಬೆಯಾಗಿ ಕಾಳನ್ನು ಬೇಯಿಸುತ್ತದೆ, ಹೊರಗಿನ ಸಿಪ್ಪೆ ಸುಟ್ಟು ಹೊಗೆಯ ಘಮ ಕೊಡುತ್ತದೆ.

ತೆನೆ ಹೊರತೆಗೆದ ಮೇಲಿನ ಕೆಲಸ ಗಟ್ಟಿ ಅಂಗೈಯವರದು. ಆಯಿ ಬಿಸಿ ತೆನೆಯನ್ನು ಎರಡೂ ಕೈಯಲ್ಲಿ ತಿಕ್ಕಿ, ಮೊರದಲ್ಲಿ ಎರಡು ಸಲ ಕೇರಿದರು. ಹೊಟ್ಟು ಹಾರಿತು, ಹಸಿರು ಮುತ್ತಿನಂಥ ಕಾಳು ಉಳಿಯಿತು. ಚಾಪೆಯ ಮೇಲೆ ಶೇಂಗಾ ಚಟ್ನಿ, ಬಳ್ಳೊಳ್ಳಿ ಖಾರ, ಬೆಲ್ಲ, ಕೊಬ್ಬರಿ, ಮೊಸರು. ಪಕ್ಕದ ಹೊಲದವರು ಗಿಡಸಮೇತ ಕಡಲೆಯ ಸುಲಗಾಯಿ ತಂದು ಅದೇ ಕೆಂಡಕ್ಕೆ ಹಾಕಿದರು.

ಹುಡುಗಿ ಬೆಂಗಳೂರಿನಲ್ಲಿ ಅಪ್ಪ ಅಮ್ಮನ ಜೊತೆ ಕೊರಿಯಾ ಊಟದ ಮನೆಗೆ ಹೋಗಿ ಬಂದವಳು. ಅಣಬೆ ಸುಟ್ಟು ತಿಂದಳಂತೆ. ರೊಟ್ಟಿಯ ಒಂದು ತುಂಡು ಹರಿದು, ಅದರಲ್ಲಿ ಸೀತನಿ, ಚಟ್ನಿ, ಬೆಲ್ಲದ ಚೂರು ಇಟ್ಟು ಸುತ್ತಿ, ಅಜ್ಜನ ಬಾಯಿಯ ಹತ್ತಿರ ಹಿಡಿದಳು.

“ಅಜ್ಜಾ, ಬಾಯಿ ದೊಡ್ಡದು ತಗಿ. ಇದನ್ನ ಒಂದ ಸಲಕ್ಕ ತಿನ್ನಬೇಕು. ಅಲ್ಲೆ ಹಂಗ.”

ಅಜ್ಜ ತಿಂದರು. ಮಾತಾಡಲು ಆಗಲಿಲ್ಲ, ಬಾಯಿ ತುಂಬಿತ್ತು. ನುಂಗಿದ ಮೇಲೆ ಅವರು ಹೇಳಿದ್ದು ಇಷ್ಟು: “ಎಲ್ಲಿದಾದ್ರ ಏನ, ಬೇಷ್ ಐತಿ.”

ಈ ಪಂಕ್ತಿ ನಮ್ಮಲ್ಲಿ ಮಾತ್ರ ಇಲ್ಲ. ಮಹಾರಾಷ್ಟ್ರದಲ್ಲಿ ಇದೇ ಎಳೆಜೋಳಕ್ಕೆ ಹುರಡಾ ಎನ್ನುತ್ತಾರೆ, ಪೇಟೆಯವರು ದುಡ್ಡು ಕೊಟ್ಟು ಹೊಲಕ್ಕೆ ಹೋಗಿ ತಿಂದು ಬರುತ್ತಾರೆ. ಗುಜರಾತಿನ ಸೂರತ್ತಿನಲ್ಲಿ ಅದು ಪೋಂಕ್. ಕೊರಿಯಾದ ಹಳ್ಳಿಗಳಲ್ಲೂ ಹಿಂದೆ ಮಕ್ಕಳು ಹಸಿ ಗೋಧಿಯ ತೆನೆಯನ್ನು ಬೇರೆಯವರ ಹೊಲದಿಂದ ಕದ್ದು ತಂದು, ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ ತಿನ್ನುತ್ತಿದ್ದರು. ಅದಕ್ಕೆ ‘ಮಿಲ್‌ಸೊರಿ’ ಎಂದು ಹೆಸರು. ಮುಖದ ಮಸಿ ನೋಡಿಯೇ ಕಳ್ಳರು ಯಾರೆಂದು ಹಿರಿಯರಿಗೆ ತಿಳಿಯುತ್ತಿತ್ತು. ಇದನ್ನು ಓದಿ ನಗುತ್ತಿರುವ ಅಜ್ಜಂದಿರೇ, ನಿಮ್ಮ ಮೊಮ್ಮಕ್ಕಳು ಈಗ ನಿಮ್ಮನ್ನೇ ನೋಡುತ್ತಿರಬಹುದು!

ಜೋಳವೂ ಕೊರಿಯಾಕ್ಕೆ ಹೊಸದಲ್ಲ. ಅಲ್ಲಿ ಅದರ ಹೆಸರು ‘ಸೂಸು’. ಕೆಂಪು ಜೋಳದ ಹಿಟ್ಟನ್ನು ಉಂಡೆ ಮಾಡಿ, ಬೇಯಿಸಿ, ಕೆಂಪು ಕಾಳಿನ ಪುಡಿಯಲ್ಲಿ ಹೊರಳಿಸಿ ಮಗುವಿನ ಹುಟ್ಟುಹಬ್ಬಕ್ಕೆ ಮಾಡುತ್ತಾರೆ. ಕೆಂಪು ಬಣ್ಣಕ್ಕೆ ಕೆಡುಕು ಹತ್ತಿರ ಬಾರದು, ಮಗು ಗಟ್ಟಿಯಾಗಿ ಬೆಳೆಯುತ್ತದೆ ಎಂಬುದು ಅವರ ಹಿರಿಯರ ನಂಬಿಕೆ. ನಮ್ಮ ಅಜ್ಜಿಯರು ದೃಷ್ಟಿ ತೆಗೆಯುವ ಹಾಗೆ.

ಗುಡ್ಡದ ಮೇಲಿನ ಮೂರು ಕಲ್ಲು

ಸವದತ್ತಿ ಹಳೆಯ ಊರು. ರಟ್ಟ ಅರಸರ ಕಾಲದಲ್ಲಿ ಇದರ ಹೆಸರು ಸುಗಂಧವರ್ತಿ. ಊರ ನೆತ್ತಿಯ ಮೇಲೆ ಕೋಟೆ, ಊರಾಚೆ ಯಲ್ಲಮ್ಮನ ಗುಡ್ಡ. ಬನದ ಹುಣ್ಣಿಮೆ ಮತ್ತು ಭಾರತ ಹುಣ್ಣಿಮೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಲಕ್ಷಗಟ್ಟಲೆ ಜನ ಬರುತ್ತಾರೆ. ಬಸ್ಸು, ಟ್ರ್ಯಾಕ್ಟರು ಬಂದರೂ ಎತ್ತಿನ ಬಂಡಿ ಕಟ್ಟಿಕೊಂಡು ಬರುವವರು ಇನ್ನೂ ಇದ್ದಾರೆ. “ಉಧೋ ಉಧೋ” ಎಂಬ ಕೂಗು ಏರಿನಲ್ಲಿ ಮೊದಲು ಕೇಳುತ್ತದೆ, ಆಮೇಲೆ ಭಂಡಾರದ ಹಳದಿ ಕಾಣುತ್ತದೆ.

ಗುಡ್ಡದ ಬಯಲಿನಲ್ಲಿ ಎಲ್ಲೆಂದರಲ್ಲಿ ಮೂರು ಕಲ್ಲಿನ ಒಲೆಗಳು. ಒಂದೊಂದು ಬಂಡಿಯ ನೆರಳಿಗೆ ಒಂದೊಂದು ಅಡುಗೆಮನೆ. ಹೋಳಿಗೆ, ಕಡಬು, ರೊಟ್ಟಿ, ಬದನೆಕಾಯಿ ಪಲ್ಯ ಮಾಡಿ ಬುಟ್ಟಿಯಲ್ಲಿ ದೇವಿಗೆ ಒಪ್ಪಿಸುವುದಕ್ಕೆ ಪಡ್ಡಲಗಿ ತುಂಬಿಸುವುದು ಎನ್ನುತ್ತಾರೆ. ಆ ಬಳಿಕ ಪಕ್ಕದ ಬಂಡಿಯವರನ್ನು ಕರೆದು ಉಣ್ಣುತ್ತಾರೆ. ಯಾವ ಊರು, ಯಾವ ಭಾಷೆ ಎಂಬುದು ಆಗ ಅಡ್ಡ ಬರುವುದಿಲ್ಲ. ಕೊಲ್ಹಾಪುರ ಕಡೆಯ ಅಜ್ಜಿ ಮರಾಠಿಯಲ್ಲಿ ಕರೆಯುತ್ತಾರೆ, ನಮ್ಮ ಅಜ್ಜಿ ಕನ್ನಡದಲ್ಲಿ ಸಾಕು ಎನ್ನುತ್ತಾರೆ, ಇಬ್ಬರಿಗೂ ಅರ್ಥವಾಗುತ್ತದೆ, ತಾಟಿಗೆ ಮಾತ್ರ ಇನ್ನೊಂದು ಹೋಳಿಗೆ ಬಿದ್ದಿರುತ್ತದೆ.

ಜೋಳ ಎಲ್ಲಿ ಹೋಯಿತು?

ಸವದತ್ತಿಯ ಹತ್ತಿರವೇ ನವಿಲುತೀರ್ಥ. ಎರಡು ಗುಡ್ಡಗಳ ನಡುವೆ ಮಲಪ್ರಭೆಯನ್ನು ಕಟ್ಟಿ ನಿಲ್ಲಿಸಿದ ಅಣೆಕಟ್ಟೆ, 1972ರಲ್ಲಿ ಮುಗಿಯಿತು. ಹಿಂದೆ ನಿಂತ ನೀರಿಗೆ ರೇಣುಕಾ ಸಾಗರ ಎಂದು ಹೆಸರು. ಈ ನೀರು ಕಾಲುವೆಯಲ್ಲಿ ಹರಿದು ಬಹಳ ಊರುಗಳ ಬರ ಹಿಂಗಿಸಿತು. ಹಿರಿಯರು ಅದನ್ನು ಮರೆತಿಲ್ಲ, ಮರೆಯಲೂಬಾರದು.

ನೀರು ಬಂದ ಕಡೆ ಕಬ್ಬು, ಗೋವಿನಜೋಳ ಬಂದವು. ಮುನವಳ್ಳಿ ಕಡೆ ಸಕ್ಕರೆ ಕಾರ್ಖಾನೆ ಎದ್ದಿತು. ಮಳೆಯನ್ನೇ ನಂಬಿದ ಹೊಲಗಳಲ್ಲಿ ಮುಂಗಾರಿಗೆ ಸೋಯಾ, ಹಿಂಗಾರಿಗೆ ಕಡಲೆ ಹೆಚ್ಚಾದವು. ರೈತರು ಲೆಕ್ಕ ತಪ್ಪಿ ಹೀಗೆ ಮಾಡಿದ್ದಲ್ಲ. ಮಕ್ಕಳ ಶಾಲೆ, ಮದುವೆ, ಆಸ್ಪತ್ರೆ ಎಲ್ಲಕ್ಕೂ ರೊಕ್ಕ ಬೇಕು. ಜೋಳಕ್ಕಿಂತ ಅವುಗಳಲ್ಲಿ ರೊಕ್ಕ ಕಂಡಿತು.

ಇನ್ನೊಂದು ಸರಪಳಿ ಇದೆ, ಅದನ್ನು ಹೊಲದ ಅಜ್ಜ ಬೆರಳು ಮಡಚುತ್ತ ಹೇಳಿದರು. ಟ್ರ್ಯಾಕ್ಟರ್ ಬಂತು, ಎತ್ತು ಹೋದವು. ಎತ್ತು ಹೋದ ಮೇಲೆ ಕಣಿಕಿ ಯಾರಿಗೆ ಬೇಕು? ಜೋಳ ಬಿತ್ತುವುದಕ್ಕೆ ಅರ್ಧ ಕಾರಣವೇ ಕಣಿಕಿಯಾಗಿತ್ತು. ಎತ್ತಿಲ್ಲದ ಮನೆಯಲ್ಲಿ ಸಗಣಿ ಇಲ್ಲ, ಸಗಣಿ ಇಲ್ಲದಿದ್ದರೆ ಕುಳ್ಳಿಲ್ಲ, ಕುಳ್ಳಿಲ್ಲದಿದ್ದರೆ ಸೀತನಿ ಸುಡುವ ಕೆಂಡವೂ ಇಲ್ಲ.

ಕೊನೆಯ ಬೆರಳು ಗುಬ್ಬಿಯದು. ಊರೆಲ್ಲ ಜೋಳ ಬಿತ್ತಿದಾಗ ಹಕ್ಕಿಗಳು ಎಲ್ಲರ ಹೊಲದಲ್ಲೂ ಹಂಚಿಕೊಂಡು ತಿನ್ನುತ್ತಿದ್ದವು, ಯಾರಿಗೂ ಭಾರವಾಗುತ್ತಿರಲಿಲ್ಲ. ಹುಡುಗರು ಅಟ್ಟಣಿಗೆಯ ಮೇಲೆ ನಿಂತು ಕವಣಿ ಬೀಸುತ್ತಿದ್ದರು. ಈಗ ಸುತ್ತ ಕಬ್ಬು, ಕಡಲೆ. ನಡುವೆ ಒಬ್ಬನೇ ಜೋಳ ಬಿತ್ತಿದರೆ ಸೀಮೆಯ ಹಕ್ಕಿಗಳೆಲ್ಲ ಅವನ ಹೊಲಕ್ಕೇ ಇಳಿಯುತ್ತವೆ. ಹಕ್ಕಿ ಕಾಯುವ ಹುಡುಗರು ಶಾಲೆಯಲ್ಲಿದ್ದಾರೆ, ಇರಬೇಕಾದದ್ದೂ ಅಲ್ಲಿಯೇ. ಹಾಗಾಗಿ ಒಬ್ಬರು ಜೋಳ ಬಿಟ್ಟರೆ ಮುಂದಿನ ವರ್ಷ ಪಕ್ಕದವರೂ ಬಿಡುತ್ತಾರೆ.

“ಮತ್ತ ನೀವು ಯಾಕ ಬಿತ್ತೀರಿ?” ಎಂದು ಕೇಳಿದ್ದೆ.

“ಮಾರಾಕ ಅಲ್ರಿ. ಅರ್ಧ ಗುಬ್ಬಿಗೆ, ಅರ್ಧ ಈ ಕೂಸಿಗೆ.”

ಸೋಯಾದ ವಿಷಯದಲ್ಲಿ ಒಂದು ವಿಚಿತ್ರ ಗಮನಿಸಿ. ಬೈಲಹೊಂಗಲದ ಸೋಯಾ ಹೆಚ್ಚಿನದೆಲ್ಲ ಎಣ್ಣೆ ಗಿರಣಿಗೆ ಹೋಗುತ್ತದೆ, ಹಿಂಡಿ ಕೋಳಿ, ದನಗಳ ಮೇವಾಗುತ್ತದೆ. ನಮ್ಮ ತಾಟಿನಲ್ಲಿ ಅದಕ್ಕೆ ಇನ್ನೂ ಒಂದು ಸ್ವಂತ ಅಡುಗೆ ಹುಟ್ಟಿಲ್ಲ. ಕೊರಿಯಾದವರ ಮೇಜಿನಲ್ಲಿ ಅದೇ ಕಾಳು ಹುದುಗಿ ಚಟ್ನಿಯಾಗಿ ಪ್ರತಿ ತುತ್ತಿನಲ್ಲೂ ಇರುತ್ತದೆ. ನಾವು ಉಣ್ಣುವ ಜೋಳ ಬಿಟ್ಟು ಉಣ್ಣದ ಕಾಳನ್ನು ಬೆಳೆಯುತ್ತಿದ್ದೇವೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಎಂದು ಸಾರಿತು, ಆ ಧಾನ್ಯಗಳಲ್ಲಿ ಜೋಳವೂ ಒಂದು. ಪೇಟೆಯ ಅಂಗಡಿಯಲ್ಲಿ ಜೋಳಕ್ಕೆ ಬೆಲೆ ಬಂದಿದೆ. ಸೀತನಿಯನ್ನು ಮಾತ್ರ ಹಾಗೆ ಕೊಳ್ಳಲಾಗದು, ಹೊಲದಲ್ಲಿ ಜೋಳ ನಿಂತಿದ್ದರೆ ಮಾತ್ರ ಅದು ಉಂಟು.

ಶಬರಿಯ ಊರಿನಲ್ಲಿ

ಮಲಪ್ರಭೆಯ ಜೊತೆಗೇ ಪೂರ್ವಕ್ಕೆ ಸಾಗಿದರೆ ರಾಮದುರ್ಗ. 1948ರವರೆಗೆ ಇದು ಒಂದು ಪುಟ್ಟ ಸಂಸ್ಥಾನದ ರಾಜಧಾನಿ. ಹೊಳೆಯ ದಂಡೆ, ಹಳೆಯ ಅರಮನೆ, ಮಗ್ಗದ ಸದ್ದು, ಸುತ್ತ ಕೆಂಪು ಬಂಡೆಯ ಗುಡ್ಡಗಳು. ತಾಲ್ಲೂಕಿನ ಸುರೇಬಾನದ ಹತ್ತಿರ ಶಬರಿ ಕೊಳ್ಳ ಇದೆ. ರಾಮನಿಗಾಗಿ ಕಾದ ಶಬರಿ ಇದ್ದದ್ದು ಇಲ್ಲಿಯೇ ಎಂದು ಜನ ನಂಬುತ್ತಾರೆ.

ಕತೆ ನಿಮಗೆ ಗೊತ್ತು. ಮುದುಕಿ ಶಬರಿ ಒಂದೊಂದು ಬಾರೆಹಣ್ಣನ್ನೂ ತಾನು ಕಚ್ಚಿ ನೋಡಿ, ಸಿಹಿಯಾದದ್ದನ್ನು ಮಾತ್ರ ರಾಮನಿಗೆ ಕೊಟ್ಟಳು. ಎಂಜಲು ಎಂದು ರಾಮ ಅನ್ನಲಿಲ್ಲ. ಕೊಳ್ಳದ ಗುಡಿಯ ಮುಂದೆ ಕೂತಾಗ ನನಗೆ ಬೈಲಹೊಂಗಲದ ಆಯಿಯ ಅಂಗೈ ನೆನಪಾಯಿತು. ಬಿಸಿ ತೆನೆ ತಿಕ್ಕಿ, ನಾಲ್ಕು ಕಾಳು ಮೊದಲು ತಾವು ಬಾಯಿಗೆ ಹಾಕಿಕೊಂಡು, ತಲೆಯಾಡಿಸಿ, ಆಮೇಲೆ ಮೊಮ್ಮಗಳ ಕೈಗೆ ಸುರಿದಿದ್ದರು.

ನಾಲ್ಕು ಸಾಲು ಬಿತ್ತಿದರೆ

ಕೊರಿಯಾದ ಊಟದ ಮನೆಗೆ ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ ಬನ್ನಿ, ಅಜ್ಜಿಯನ್ನೂ ಕರೆದುಕೊಂಡು ಹೋಗಿ. ಉಣ್ಣುವ ಜಾಗದಲ್ಲಿ ಒಲೆ ಹೂಡಿದ್ದಕ್ಕೆ ಅವರು ನಕ್ಕರೂ, ಕತ್ತರಿ ಹಿಡಿದು ತುಂಡು ಮಾಡುವುದರಲ್ಲಿ ನಿಮ್ಮನ್ನು ಮೀರಿಸುತ್ತಾರೆ. ದೂರದ ದೇಶದವರು ತಮ್ಮ ಹಳ್ಳಿಯ ಕೆಂಡವನ್ನು ಪೇಟೆಯ ಮೇಜಿನ ನಡುವೆ ತಂದಿಟ್ಟು ಜಗತ್ತಿಗೆಲ್ಲ ಉಣಬಡಿಸಿದರು. ಅದರಿಂದ ನಾವು ಕಲಿಯುವುದೂ ಇದೆ.

ನಮ್ಮ ಕೆಂಡವನ್ನು ಉಳಿಸಿಕೊಳ್ಳುವ ದಾರಿ ದೊಡ್ಡದೇನಲ್ಲ. ಹೊಲ ಇದ್ದವರು ಕಡಲೆಯ ನಡುವೆ ನಾಲ್ಕು ಸಾಲು ಸೀತನಿ ಜೋಳ ಹಾಕಬಹುದು. ಒಬ್ಬರೇ ಅಲ್ಲ, ಅಕ್ಕಪಕ್ಕದ ನಾಲ್ಕೈದು ಹೊಲದವರು ಮಾತಾಡಿಕೊಂಡು ಹಾಕಬೇಕು, ಆಗ ಹಕ್ಕಿಯ ಪಾಲು ಹಂಚಿಹೋಗುತ್ತದೆ. ಊರ ಶಾಲೆಯವರು ಸಂಕ್ರಾಂತಿಯ ಆಸುಪಾಸು ಒಂದು ಮಧ್ಯಾಹ್ನ ಮಕ್ಕಳನ್ನು ಹೊಲಕ್ಕೆ ಕರೆದೊಯ್ದರೆ ವಿಜ್ಞಾನದ ಪಾಠವೂ ಆಗುತ್ತದೆ, ಹೊಟ್ಟೆಯೂ ತುಂಬುತ್ತದೆ. ಬೆಂಕಿಯ ಹತ್ತಿರ ದೊಡ್ಡವರು ಇರಲಿ, ಒಣ ಹುಲ್ಲಿನಿಂದ ದೂರ ಕುಣಿ ತೋಡಿ, ಪಕ್ಕದಲ್ಲಿ ಒಂದು ಕೊಡ ನೀರಿಡಿ, ಏಳುವ ಮುಂಚೆ ಕೆಂಡಕ್ಕೆ ಮಣ್ಣು ಮುಚ್ಚಿ.

ಪೇಟೆಯಲ್ಲಿರುವ ಮಕ್ಕಳಿಗೆ ಒಂದು ಕೆಲಸ. ಊರಿಗೆ ಫೋನ್ ಮಾಡಿದಾಗ ಅಜ್ಜ “ಊಟ ಆತೇನ?” ಎಂದು ಕೇಳಿಯೇ ಕೇಳುತ್ತಾರೆ. ಆತು ಎಂದು ಹೇಳಿ ಫೋನ್ ಇಡಬೇಡಿ. “ಅಜ್ಜಾ, ಈ ವರ್ಷ ಜ್ವಾಳ ಬಿತ್ತೀರೇನು?” ಎಂದು ನೀವೂ ಕೇಳಿ. ಜನವರಿಯಲ್ಲಿ ಕೇಳಿದರೆ ತಡವಾಯಿತು. ಸೆಪ್ಟೆಂಬರ್ ಕೊನೆಗೆ, ಹಸ್ತ ಮಳೆ ಬಿದ್ದು ಕೂರಿಗೆ ಹೊರಡುವ ಮುಂಚೆಯೇ ಕೇಳಬೇಕು.